ನಮ್ಮದೋ, ಎರವಲೋ

ಶಿಸ್ತಿನ ಮನುಷ್ಯನನ್ನು ನಿವೃತ್ತಿಯ ನಂತರ ಅಡುಗೆಮನೆಯ ಹತ್ತಿರ ಬಿಡಬಾರದು. ಇದು ನನ್ನ ಹೆಂಡತಿಯ ಮಾತು. ಈಗ ನನ್ನದೂ ಹೌದು. ಚಾಮರಾಜನಗರದಲ್ಲಿ ಕಂಪ್ಯೂಟರ್ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ಒಂದು ಪ್ರೋಗ್ರಾಮಿಂಗ್ ಭಾಷೆಯ ತಂಡಕ್ಕೆ ಪುಕ್ಕಟೆಯಾಗಿ ವಿವರಣೆ ಬರೆದುಕೊಡುತ್ತಿದ್ದೇನೆ. ಆ ಭಾಷೆಯನ್ನು ಸಿ ಭಾಷೆಯಿಂದ ಬಳಸಲು ರಾಶಿ ಫಂಕ್ಷನ್‌ಗಳಿವೆ. ಕರೆದರೆ ಪ್ರತಿಯೊಂದೂ ಏನನ್ನಾದರೂ ತಂದು ಕೈಗಿಡುತ್ತದೆ. ಹಾಗೆ ಬಂದದ್ದು ನಮ್ಮದೋ, ಎರವಲೋ ಎಂದು ಬರೆಯುವುದು ನನ್ನ ಕೆಲಸ. ನಮ್ಮದಾದರೆ ಬಳಸಿ ಮುಗಿದ ಮೇಲೆ ನಾವೇ ವಿಲೇವಾರಿ ಮಾಡಬೇಕು; ಎರವಲಾದರೆ ಮಾಡಬಾರದು. ತಪ್ಪಿದರೆ ಪ್ರೋಗ್ರಾಂ ಆಗಲೇ ಬೀಳುವುದಿಲ್ಲ, ಆಮೇಲೆಂದೋ ಸಂಬಂಧವಿಲ್ಲದ ಜಾಗದಲ್ಲಿ ಕುಸಿಯುತ್ತದೆ. ಫಂಕ್ಷನ್ ಬರೆದ ಪುಣ್ಯಾತ್ಮರು ಇದನ್ನೆಲ್ಲ ಹೇಳಿರುವುದಿಲ್ಲ.

ಬೆಳಿಗ್ಗೆಯಿಂದ ಇದನ್ನೇ ಬರೆದು ಎದ್ದವನ ಕಣ್ಣಿಗೆ ಒಂದು ದಿನ ಪಾತ್ರೆ ಸ್ಟ್ಯಾಂಡಿನ ಸ್ಟೀಲ್ ಡಬರಿ ಬಿತ್ತು. ಅಂಚಿನಲ್ಲಿ 'ಪುಟ್ಟಮಾದಮ್ಮ, ಗುಂಡ್ಲುಪೇಟೆ' ಎಂದು ಕೊರೆಸಿತ್ತು. ನಮ್ಮ ಮಗಳು ಭಾಗ್ಯಳ ಅತ್ತೆ. ಎರವಲು ತಂದ ಪಾತ್ರೆಯನ್ನು ಇಷ್ಟು ದಿನ ಇಟ್ಟುಕೊಳ್ಳುವುದೇ? ಹೆಂಡತಿ ಹರವೆಯ ತವರಿಗೆ ಹೋಗಿದ್ದಳು. ಕೇಳುವ ಗೋಜಿಗೆ ಹೋಗದೆ, ಉಜ್ಜಿ ಒರೆಸಿ, ಬಸ್ ಹತ್ತಿ, ಬೀಗಿತ್ತಿಯ ಕೈಗೇ ಒಪ್ಪಿಸಿ ಬಂದೆ. ಅವರು ಡಬರಿಯನ್ನು ಒಮ್ಮೆ ತಿರುಗಿಸಿ ನೋಡಿ ಒಳಗೆ ಇಟ್ಟುಬಂದರು. ನನ್ನ ಶಿಸ್ತಿಗೆ ಮಾರುಹೋದರು ಎಂದುಕೊಂಡೆ.

ಮಾರನೆಯ ದಿನ ಭಾಗ್ಯ ಫೋನ್ ಮಾಡಿದಳು. "ಅಪ್ಪ, ಏನ್ ಮಾಡ್ಬುಟ್ಟೆ ನೀನು? ನಮ್ಮತ್ತೆ ನನ್ ಜೊತೆ ಮಾತೇ ಬುಟ್ಬುಟ್ಟವ್ರೆ. ಅದು ನಿಮ್ಮನೆ ಗೃಹಪ್ರವೇಶಕ್ಕೆ ಅವ್ರು ಮುಯ್ಯಿ ಮಾಡಿದ್ದು ಕಣಪ್ಪ."

ಶುಭಕಾರ್ಯಕ್ಕೆ ಮುಯ್ಯಿಯಾಗಿ ಕೊಟ್ಟ ಉಡುಗೊರೆಯನ್ನು ಹಿಂದಿರುಗಿಸಿದರೆ ನಂಟು ಬೇಡ ಎಂದೇ ಅರ್ಥ. ಎಡವಿದ್ದು ನಾನು, ಪೆಟ್ಟು ಬಿದ್ದದ್ದು ಮಗಳಿಗೆ.

ಮತ್ತೆ ಗುಂಡ್ಲುಪೇಟೆಗೆ ಓಡಿದೆ. ಬೀಗಿತ್ತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ. "ನಿಮ್ಮ ಹೆಸರಿತ್ತಲ್ಲ, ಅದಕ್ಕೇ ನಿಮ್ಮದು ಅಂದ್ಕೊಂಡೆ" ಎಂದೆ.

"ಕೊಟ್ಟೋರ್ ಎಸ್ರು ಇರ್ದೆ ಇನ್ಯಾರ್ ಎಸ್ರು ಇರ್ತದೆ ಬೀಗ್ರೆ? ನಿಮ್ ಮಗಳ್ನೂ ನೀವಿಟ್ಟ ಎಸ್ರಲ್ಲೇ ಕರೀತೀವಿ. ತೊಳ್ದು ಒರ್ಸಿ ವಾಪಸ್ ಕಳುಸ್ಬುಡ್ಲಾ?"

ಒಳಗಿನಿಂದ ಭಾಗ್ಯ ನಕ್ಕದ್ದು ಕೇಳಿಸಿತು. ಬೀಗಿತ್ತಿಗೂ ನಗು ತಡೆಯಲಾಗಲಿಲ್ಲ. "ನಗ್ತಾ ನಿಂತ್ಕಂಡಿದ್ದೀಯಲ್ಲಮ್ಮಿ, ನಿಮ್ಮಪ್ಪಂಗೆ ಟೀ ಇಡೋಗು" ಎಂದು ಸೊಸೆಯನ್ನು ಗದರಿದರು. ನನ್ನ ಜೀವ ಮರಳಿ ಬಂತು.

ಹೊರಡುವಾಗ ಡಬರಿ ತುಂಬ ರವೆ ಉಂಡೆ ತುಂಬಿ ಕೈಗಿತ್ತರು. "ಡಬರಿ ನಿಮ್ದು, ಮಡಿಕಳಿ. ಉಂಡೆ ನಮ್ ಬೀಗಿತ್ತಿಗೆ. ನಿಮ್ಗೆ ಶುಗರ್ ಅದೆಯಂತೆ, ಮುಟ್ಬ್ಯಾಡಿ."

ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾನು ಈವರೆಗೆ ಬರೆದಿಲ್ಲ. ಬಸ್ಸು ದಾರಿಯಲ್ಲಿ ತೆರಕಣಾಂಬಿ ದಾಟುವವರೆಗೂ ಅಕ್ಷರಶಃ ಪಾಲಿಸಿದೆ.