ಮಡಿಯಾದ ಬೆಲ್ಟು

ವರದರಾಜಯ್ಯನವರು ಆ ಬೆಲ್ಟನ್ನು ಒಗೆದದ್ದು ಭಕ್ತಿಯಿಂದ. ಅಲ್ಲಿಂದಲೇ ಎಡವಟ್ಟು ಶುರುವಾಯಿತು.

ಮಲ್ಲೇಶ್ವರದ ಮನೆಯನ್ನು ಅದರ ಮಾಲೀಕರು ಮಗನ ಮದುವೆಗೆಂದು ಬಿಡಿಸಿಕೊಂಡಿದ್ದರಿಂದ ಸಂಸಾರ ಎನ್.ಆರ್. ಕಾಲೋನಿಗೆ ಬಂದು ಮೂರು ದಿನವಾಗಿತ್ತು. ಮಗ, ಸೊಸೆ ಬ್ಯಾಂಕಿಗೆ ಹೋದ ಮೇಲೆ ಗಂಟುಮೂಟೆಗಳ ನಡುವೆ ಉಳಿದವರು ಅವರೊಬ್ಬರೇ. ಹೆಂಡತಿ ಅಂಬುಜಮ್ಮನವರು ತೀರಿಕೊಂಡು ಎಂಟು ತಿಂಗಳು. ಆಕೆಗೊಂದು ನೇಮವಿತ್ತು: ಮನೆ ಬದಲಾಯಿಸಿದರೆ ಹಳೆಯ ಮನೆಯ ಬಟ್ಟೆ ಒಂದೂ ನೀರು ಕಾಣದೆ ಹೊಸ ಮನೆಯ ಬೀರು ಸೇರಕೂಡದು. ಆಕೆ ಇದ್ದಾಗ ಅದನ್ನು ಗೇಲಿ ಮಾಡುತ್ತಿದ್ದ ವರದರಾಜಯ್ಯನವರು ಈಗ ಹಂಡೆಯ ಕುದಿನೀರಿಗೆ ಸೋಡಾಪುಡಿ ಸುರಿದು, ಕೈಗೆ ಸಿಕ್ಕಿದ್ದನ್ನೆಲ್ಲ ಶ್ರದ್ಧೆಯಿಂದ ಮುಳುಗಿಸಿದರು. ಅವುಗಳಲ್ಲಿ ಮೊಮ್ಮಗಳು ಇಂಚರಾಳ ಕರಾಟೆ ಬೆಲ್ಟೂ ಒಂದು.

ಕಂದು ಬೆಲ್ಟು. ಇನ್ನೊಂದು ಮೆಟ್ಟಿಲು ಹತ್ತಿದರೆ ಕಪ್ಪು. ನಾಲ್ಕು ವರ್ಷ ಸಂಜೆ ಸಂಜೆಯೂ ಅಂಬುಜಮ್ಮನವರೇ ಹುಡುಗಿಯನ್ನು ಕ್ಲಾಸಿಗೆ ಕರೆದೊಯ್ದು, ಹೊರಗಿನ ಮೆಟ್ಟಿಲ ಮೇಲೆ ಜಪಮಣಿ ಎಣಿಸುತ್ತ ಕಾದಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ ಗಂಡನ ಕೈ ಹಿಡಿದು ಆಕೆ ಕೇಳಿದ್ದು ಇಷ್ಟೇ: "ಮಗು ಕಪ್ಪು ಬೆಲ್ಟ್ ತಗೊಳ್ಳೋವರೆಗೂ ಬಿಡಿಸ್ಬೇಡಿ."

ಹನ್ನೊಂದು ಗಂಟೆಗೆ ನೀರಿನಿಂದ ಎತ್ತಿದಾಗ ಬೆಲ್ಟು ಮೂರನೇ ಸಲ ಇಳಿಸಿದ ಡಿಕಾಕ್ಷನ್ನಿನಂತಾಗಿತ್ತು. ಅಂಚು ಜೂಲು ಜೂಲಾಗಿ ಎದ್ದಿತ್ತು. ಬಿಟ್ಟ ಬಣ್ಣವನ್ನೆಲ್ಲ ವರದರಾಜಯ್ಯನವರ ಪಂಚೆಗಳು ಸಮವಾಗಿ ಹಂಚಿಕೊಂಡಿದ್ದವು.

"ಏನ್ ಸ್ವಾಮಿ, ಕರಾಟೆ ಬೆಲ್ಟ್ ಒಗೆದ್ಬಿಟ್ರಾ?" ಎದುರುಮನೆಯ ಪಂಚಾಕ್ಷರಯ್ಯ ಕಾಂಪೌಂಡಿನಾಚೆಯಿಂದ ಕತ್ತು ಚಾಚಿದರು. ಹೊಸ ಬಿಡಾರದವರ ಸಾಮಾನುಗಳ ಲೆಕ್ಕ ಮನೆಯವರಿಗಿಂತ ಅವರಿಗೇ ಚೆನ್ನಾಗಿ ತಿಳಿದಿತ್ತು. "ಕೆಲಸ ಕೆಡ್ತು! ಅದನ್ನ ಜನ್ಮದಲ್ಲಿ ಒಗೆಯೋ ಹಾಗಿಲ್ಲ. ಕಲಿತಿದ್ದೆಲ್ಲ ಬೆವರಾಗಿ ಅದರಲ್ಲೇ ಇರತ್ತೆ. ಈಗ ಎಲ್ಲಾ ಮೋರಿ ಪಾಲು!"

"ನಿಮಗೆ ಹೇಗೆ ಗೊತ್ತು?"

"ನಮ್ಮ ಷಡ್ಡಕನ ಮಗ ಮೂರು ವಾರ ಕಲ್ತಿದ್ದ. ಹೊಸ ಕರಾಟೆ ಸ್ಕೂಲಿನೋರು ಇದನ್ನ ನೋಡಿದ್ರೆ ಮಗೂನ ಮತ್ತೆ ಬಿಳೀ ಬೆಲ್ಟಿಗೆ ಇಳಿಸ್ತಾರೆ. ಬರೆದಿಟ್ಕೊಳ್ಳಿ."

ವರದರಾಜಯ್ಯನವರು ಬೆಲ್ಟನ್ನು ಹಿಂಡಿ ಬಿಸಿಲಿಗೆ ಹರವಿದರು. ಬೆಳಿಗ್ಗೆ ಶಾಲೆಗೆ ಹೊರಟ ಇಂಚರಾ, "ತಾತಾ, ಸಂಜೆಯೊಳಗೆ ಕ್ಲಾಸ್ ಹುಡುಕಿರ್ಬೇಕು. ಇಲ್ದಿದ್ರೆ ನಿನ್ನ ಜೊತೆ ಮಾತಿಲ್ಲ" ಎಂದು ಅಜ್ಜಿಯ ದನಿಯಲ್ಲೇ ಅಪ್ಪಣೆ ಕೊಟ್ಟು ಹೋಗಿದ್ದಳು. ಹುಡುಗಿ ಬರುವಷ್ಟರಲ್ಲಿ ದಯಾವಂತರಾದ ಯಾರಾದರೂ ಮಾಸ್ಟರನ್ನು ಹಿಡಿದು ತಪ್ಪೊಪ್ಪಿಕೊಂಡುಬಿಡಬೇಕು. ಬಿಸಿಲಿಗೆ ಒಣಗಿದ ಬೆಲ್ಟನ್ನು ಶುಭ್ರವಾದ ವಲ್ಲಿಯಲ್ಲಿ ಸುತ್ತಿ, ಇದ್ದುದರಲ್ಲಿ ಕಲೆ ಕಡಿಮೆಯಾದ ಪಂಚೆ ಉಟ್ಟು, ಪಂಚಾಕ್ಷರಯ್ಯನವರು ಹೇಳಿದ ಚಾಮರಾಜಪೇಟೆಯ ವಿಳಾಸಕ್ಕೆ ಹೊರಟರು.

ಆ ವಿಳಾಸದಲ್ಲಿದ್ದದ್ದು ಗರಡಿಮನೆ.

ಒಳಗೆ ಆಂಜನೇಯನ ಪಟದ ಮುಂದೆ ದೀಪ ಉರಿಯುತ್ತಿತ್ತು. ವರದರಾಜಯ್ಯನವರು ಕೈಮುಗಿದರು. ಕಣ್ಣು ಬಿಟ್ಟಾಗ ಪಟದ ಪಕ್ಕದಲ್ಲಿ ಎಪ್ಪತ್ತರ ಸೊಣ್ಣಪ್ಪ ಪೈಲ್ವಾನರು ಹಲಸಿನ ಮರದ ಬುಡದಂತೆ ನಿಂತಿದ್ದರು.

"ಕರಾಟೆ ಕಲಿಸೋ ವಿಚಾರವಾಗಿ..." ಎಂದು ಇವರು ಬಾಯಿ ತೆರೆಯುವಷ್ಟರಲ್ಲಿ ಪೈಲ್ವಾನರು ಹೆಗಲು ಹಿಡಿದು ಒತ್ತಿ ನೋಡಿದರು.

"ಅದಿರ್ಲಿ. ಸೊಂಟ ಹಿಡ್ಕೊಂಡೈತಲ್ಲ ನಿಮ್ದು? ಮಕ್ಕೊಳ್ಳಿ."

ಬೇಡವೆನ್ನಲು ಉಸಿರೇ ಉಳಿಯಲಿಲ್ಲ. ಕೆಮ್ಮಣ್ಣಿನ ಮೇಲೆ ಬೋರಲು ಬಿದ್ದ ವರದರಾಜಯ್ಯನವರ ಬೆನ್ನಿನ ಮೇಲೆ ಪೈಲ್ವಾನರ ಮೊಣಕೈ ಒರಳುಕಲ್ಲಿನ ಗುಂಡಿನಂತೆ ತಿರುಗಿತು.

"ಕರಾಟೆ ಅಂದ್ರೆ ಗಾಳಿಗೆ ಗುದ್ದೋ ಆಟ ಸ್ವಾಮಿ. ನನ್ ಮಗಳೂ ಹಿಂಗೇ ಕೆಟ್ಲು. ರಮ್ಯಶ್ರೀ ಅಂತ. ಕುಸ್ತಿ ಮನೇಲಿ ಹುಟ್ಟಿ ಕರಾಟೆ ಮೇಷ್ಟ್ರಾಗವ್ಳೆ."

"ಎಲ್ಲೀ... ಅಯ್ಯೋ... ಎಲ್ಲಿ?"

"ಬಸವನಗುಡಿ ಛತ್ರದ ಮಹಡೀಲಿ. ನಾನಂತೂ ಆ ಕಡೆ ತಲೆ ಹಾಕಿಲ್ಲ." ಪೈಲ್ವಾನರ ಮೊಣಕೈ ಒಂದು ಕ್ಷಣ ನಿಂತಿತು. "ನಾಲ್ಕೂವರೆಗೆ ಶುರು. ಮಕ್ಕಳು ನಲವತ್ತೆರಡು. ಎಡಗಾಲಲ್ಲಿ ಅವ್ಳು ಒದೆಯೋದು ನೋಡ್ಬೇಕು, ಏನ್ ಚೆಂದ!"

ಆ ಕಡೆ ತಲೆ ಹಾಕದವರು ತಲೆ ಎಣಿಸಿದ್ದು ಹೇಗೆ ಎಂದು ಕೇಳುವ ಸ್ಥಿತಿಯಲ್ಲಿ ವರದರಾಜಯ್ಯನವರು ಇರಲಿಲ್ಲ. ಎದ್ದು, ಮೈಯೆಲ್ಲ ಕೆಮ್ಮಣ್ಣಾಗಿ, ಮೂಲೆಯ ಎಸ್.ಟಿ.ಡಿ. ಬೂತಿನಿಂದ ಪಂಚಾಕ್ಷರಯ್ಯನವರ ಮನೆಗೆ ಫೋನ್ ಮಾಡಿ, ಇಂಚರಾ ಬಂದ ಕೂಡಲೇ ಛತ್ರಕ್ಕೆ ಕಳಿಸಬೇಕೆಂದು ತಿಳಿಸಿದರು.

ಛತ್ರದ ಮಹಡಿ ಹತ್ತಿದವರು ಬಾಗಿಲಲ್ಲೇ ನಿಂತುಬಿಟ್ಟರು. ಹೊರಗೆ ನಲವತ್ತೆರಡು ಜೊತೆ ಚಪ್ಪಲಿ, ದಾರ ಹಿಡಿದು ಜೋಡಿಸಿದಂತೆ. ಒಳಗೆ ಬಿಳಿ ಉಡುಪಿನ ಮಕ್ಕಳು; ಒಂದು ಕೆಮ್ಮಿಲ್ಲ, ಒಂದು ಪಿಸುಮಾತಿಲ್ಲ. ಮೂವತ್ತೆರಡು ವರ್ಷ ಮೇಷ್ಟ್ರ ಕೆಲಸ ಮಾಡಿದ ಅವರಿಗೆ ಇನ್ಸ್‌ಪೆಕ್ಟರ್ ಬಂದ ದಿನವೂ ಇಂಥ ಮೌನ ದಕ್ಕಿರಲಿಲ್ಲ. ಮುಂದೆ ನಿಂತಿದ್ದ ಮೂವತ್ತರ ಹೆಣ್ಣುಮಗಳು ಎಡಗಾಲು ಎತ್ತಿ ಒದ್ದಳು. ಬಾಗಿಲಲ್ಲಿ ನಿಂತಿದ್ದರೂ ಅವರ ಮುಖಕ್ಕೆ ಗಾಳಿ ಬಡಿಯಿತು. ಅಂಬುಜ ಇದನ್ನು ನೋಡಬೇಕಿತ್ತು ಎಂದುಕೊಂಡರು.

ರಮ್ಯಶ್ರೀ ಹತ್ತಿರ ಬಂದಳು. ಇವರು ಪ್ರಸಾದ ಹಿಡಿದಂತೆ ಎರಡೂ ಕೈಯಲ್ಲಿ ವಲ್ಲಿಯನ್ನು ಬಿಚ್ಚಿ ಹಿಡಿದರು. ಆಕೆ ಬಣ್ಣವಿಲ್ಲದ ಬೆಲ್ಟನ್ನೂ ಜೂಲೆದ್ದ ಅಂಚನ್ನೂ ಪಂಚೆಯ ಕಲೆಯನ್ನೂ ತೋಳಿಗೆ ಮೆತ್ತಿದ ಕೆಮ್ಮಣ್ಣನ್ನೂ ನೋಡಿದಳು. ಆಕೆಯ ಮುಖವೇ ಬದಲಾಯಿತು.

"ಸರ್, ಇಂಥ ಬೆಲ್ಟನ್ನ ನಮ್ಮ ಗುರುಗಳ ಗುರುಗಳ ಮನೇಲಿ ಒಂದೇ ಸಲ ನೋಡಿದ್ದೆ. ಕಪ್ಪು ಬೆಲ್ಟು ಬೆವರು ಕುಡಿದು ಕುಡಿದು ಹೀಗೆ ಬಣ್ಣ ಹೋಗೋಕೆ ಮೂವತ್ತು ವರ್ಷನಾದ್ರೂ ಬೇಕು." ಮಕ್ಕಳ ಕಡೆ ತಿರುಗಿ, "ಹಿರಿಯರಿಗೆ ನಮಸ್ಕಾರ!" ಎಂದಳು.

ನಲವತ್ತೆರಡು ತಲೆಗಳು ಒಟ್ಟಿಗೆ ಬಾಗಿದವು.

ಸತ್ಯ ವರದರಾಜಯ್ಯನವರ ನಾಲಗೆಯ ತುದಿಗೆ ಬಂತು. ಅದರ ಹಿಂದೆಯೇ ಬಿಳಿ ಬೆಲ್ಟು ಕಟ್ಟಿಕೊಂಡು ಅಳುವ ಇಂಚರಾಳ ಮುಖವೂ ಬಂತು. ಸತ್ಯ ಹಿಂದೆ ಸರಿದು ದಾರಿ ಬಿಟ್ಟಿತು.

"ನನ್ನದೇನಿದೆ, ಎಲ್ಲಾ ನಮ್ಮ ಮನೆಯವಳ ಪುಣ್ಯ," ಎಂದರು. "ನನ್ನ ಮೊಮ್ಮಗಳನ್ನ ಸೇರಿಸೋಣ ಅಂತ ಬಂದೆ. ಕಂದು ಬೆಲ್ಟು."

"ನಿಮ್ಮ ಮೊಮ್ಮಗಳಿಗೆ ನಾನು ಪರೀಕ್ಷೆ ಮಾಡೋದಾ? ಕಂದು ಬೆಲ್ಟಲ್ಲೇ ಮುಂದುವರೀಲಿ. ಆದ್ರೆ ಸರ್, ಮಕ್ಕಳಿಗೋಸ್ಕರ ಒಂದೇ ಒಂದು ಕಾಟಾ ಆಡಿ ತೋರಿಸಿ."

ಕಾಟಾ ಎಂದರೆ ಒಬ್ಬರೇ ನಿಂತು ಒಂದರ ಹಿಂದೊಂದು ಆಡಿ ತೋರಿಸುವ ಪಟ್ಟುಗಳು ಎಂದು ಇಂಚರಾಳಿಂದ ಕೇಳಿ ಬಲ್ಲರು. ಬಲ್ಲದ್ದು ಅಷ್ಟೇ. ನುಣುಚಿಕೊಳ್ಳಲೆಂದು ಒಂದು ಹೆಜ್ಜೆ ಹಿಂದಿಟ್ಟರು. ಪೈಲ್ವಾನರು ಸಡಿಲಿಸಿದ್ದ ಸೊಂಟ ಅಲ್ಲೇ ಛಳಕ್ಕೆಂದಿತು. ಎಡಗೈ ಸೊಂಟಕ್ಕೆ ಹೋಯಿತು, ಬಲಗೈ ಆಸರೆ ಹುಡುಕಿ ಗಾಳಿಯಲ್ಲಿ ನಿಂತಿತು, ಒಂದು ಕಾಲು ಮಡಿಚಿಕೊಂಡಿತು, ಬಾಯಿಂದ "ಹಾಆಆ!" ಎಂಬ ಕೂಗು ಹೊರಟಿತು.

ನಲವತ್ತೆರಡು ಮಕ್ಕಳೂ ಎಡಗೈ ಸೊಂಟಕ್ಕಿಟ್ಟು, ಬಲಗೈ ಚಾಚಿ, ಕಾಲು ಮಡಿಸಿ, "ಹಾಆಆ!" ಎಂದರು. ಛತ್ರದ ಪಾರಿವಾಳಗಳು ಹಾರಿಹೋದವು.

"ಇದು ಯಾವ ಸ್ಟೈಲು ಸರ್?" ರಮ್ಯಶ್ರೀ ಉಸಿರು ಬಿಗಿಹಿಡಿದು ಕೇಳಿದಳು.

"ಹಳೇದು," ಎಂದರು ವರದರಾಜಯ್ಯನವರು, ಹಲ್ಲು ಕಚ್ಚಿ.

ಅದೇ ಹೊತ್ತಿಗೆ ಇಂಚರಾಳನ್ನು ಕರೆದುಕೊಂಡು ಪಂಚಾಕ್ಷರಯ್ಯ ಮಹಡಿ ಏರಿ ಬಂದರು. ಬಾಗಿಲಲ್ಲೇ ಕಂಚಿನ ಕಂಠ ತೆರೆದರು.

"ಸ್ವಾಮೀ, ಸೋಡಾಪುಡೀಲಿ ಬೆಲ್ಟ್ ಕುದಿಸಿದ್ದು ಹೇಳಿದ್ರಾ? ಒಪ್ಕೊಂಡ್ರಾ ಇವರು?"

ವರದರಾಜಯ್ಯನವರು ತಲೆ ತಗ್ಗಿಸಿ ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದರು. ಕೊನೆಗೆ, "ಮೇಷ್ಟ್ರಾಗಿದ್ದೋನು ನಾನು, ತಪ್ಪು ನನ್ನದಮ್ಮ. ಮಗು ಕಲಿತಿದ್ದನ್ನ ನಾನು ತೊಳೆದುಬಿಟ್ಟೆ. ಅವಳನ್ನ ಇಳಿಸಬೇಡಿ" ಎಂದು ಕೈಮುಗಿದರು.

ಇಂಚರಾ ತಾತನ ಕೈಯಿಂದ ಬೆಲ್ಟು ತೆಗೆದುಕೊಂಡು ನೋಡಿ, ಪಕ್ಕನೆ ನಕ್ಕಳು.

"ಅಯ್ಯೋ ತಾತಾ! ಅಜ್ಜಿ ಪ್ರತೀ ಶುಕ್ರವಾರ ತೊಳೀತಿದ್ರು. ಬೆವರಿನ ಬಟ್ಟೆ ದೇವರಮನೆ ದಾಟ್ಬಾರ್ದು ಅಂತ. ಬಣ್ಣ ಹೋದ್ರೆ ಸಂಪಿಗೆ ರೋಡಲ್ಲಿ ಹೊಸದು ತರ್ತಿದ್ರು. ಇದು ಮೂರನೇದು. ಮಾಸ್ಟರ್‌ಗೂ ಹೇಳ್ಬೇಡ, ತಾತಂಗೂ ಹೇಳ್ಬೇಡ, ಆಡ್ಕೋತಾರೆ ಅಂದಿದ್ರು."

ಶಾಲೆಯ ಚೀಲಕ್ಕೆ ಕೈ ಹಾಕಿ ಮಡಿಕೆಯೂ ಬಿಚ್ಚದ ಕಂದು ಬೆಲ್ಟೊಂದನ್ನು ತೆಗೆದಳು. "ಗಂಟುಮೂಟೇಲಿ ಹಳೇದು ಸಿಗ್ಲಿಲ್ಲ ಅಂತ ಬೆಳಿಗ್ಗೇನೇ ತೆಗೆದಿಟ್ಕೊಂಡೆ. ಅಜ್ಜಿ ಟ್ರಂಕಲ್ಲಿ ಇದೊಂದಿತ್ತು. ಕೆಳಗೆ ಕಪ್ಪುದೂ ಒಂದು ತಂದಿಟ್ಟಿದಾರೆ. ಪಾಸಾಗೋವರೆಗೂ ಮುಟ್ಬೇಡ ಅಂದಿದ್ರು, ಮುಟ್ಟಿಲ್ಲ."

ಎಂಟು ತಿಂಗಳಿಂದ ಆ ಟ್ರಂಕನ್ನು ತೆರೆಯಲು ವರದರಾಜಯ್ಯನವರಿಗೆ ಧೈರ್ಯ ಬಂದಿರಲಿಲ್ಲ. ಅವರು ಕನ್ನಡಕ ತೆಗೆದು ವಲ್ಲಿಯಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು.

ಇಂಚರಾ ಹೊಸ ಬೆಲ್ಟು ಬಿಗಿದು ತಾನೇ ಮುಂದೆ ಬಂದು ಕಾಟಾ ಆಡಿದಳು. ಮುಗಿದಾಗ ರಮ್ಯಶ್ರೀ ಬಾಗಿ ನಮಸ್ಕರಿಸಿದಳು. "ಬೆಲ್ಟು ಬರೀ ಬಟ್ಟೆ ಸರ್. ಕಲಿತಿದ್ದು ಕೈಕಾಲಲ್ಲಿರತ್ತೆ. ಇವಳು ಕಂದೇ." ಆಮೇಲೆ ದನಿ ಬದಲಾಯಿತು. "ಆದ್ರೆ ನನ್ನ ಮಕ್ಕಳ ನಮಸ್ಕಾರಾನ ನೀವು ಸುಮ್ಮನೆ ಇಟ್ಕೊಂಡ್ರಿ. ಮೇಷ್ಟ್ರಾಗಿದ್ದೋರು, ನೀವೇ ಹೇಳಿ. ಏನು ಶಿಕ್ಷೆ?"

ಮೂವತ್ತೆರಡು ವರ್ಷ ಶಿಕ್ಷೆ ಕೊಟ್ಟವರು ತಾವೇ ಎರಡೂ ಕಿವಿ ಹಿಡಿದುಕೊಂಡರು. ಆಕೆ ಬೀರುವಿನಿಂದ ಒಂದು ಬಿಳಿ ಬೆಲ್ಟು ತೆಗೆದು ಅವರ ಕಲೆಗಟ್ಟಿದ ಪಂಚೆಯ ಮೇಲೆ ಕಟ್ಟಿಯೇಬಿಟ್ಟಳು.

"ನಾಳೆಯಿಂದ ದಿನಾ ನಾಲ್ಕೂವರೆಗೆ. ಹೊಸಬರಿಗೆ ಪಾಠ ಹೇಳೋದು ಇಲ್ಲಿ ಕಂದು ಬೆಲ್ಟಿನೋರು. ಇಂಚರಾ, ಇವರು ನಿನ್ನ ಶಿಷ್ಯ."

ಬೀದಿಗೆಲ್ಲ ಸುದ್ದಿ ಮುಟ್ಟಿಸಲು ಪಂಚಾಕ್ಷರಯ್ಯ ಆಗಲೇ ಮೆಟ್ಟಿಲಿಳಿಯುತ್ತಿದ್ದರು.

"ತಾತಾ, ಮೊದಲ್ನೇ ಪಾಠ," ಇಂಚರಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಗುರುಗಳಿಗೆ ನಮಸ್ಕಾರ. ಪೂರ್ತಿ ಬಗ್ಗು."

ವರದರಾಜಯ್ಯನವರು ಪೂರ್ತಿ ಬಗ್ಗಿದರು. ಸೊಂಟ ಮತ್ತೆ ಛಳಕ್ಕೆಂದು ಅಲ್ಲೇ ಹಿಡಿದುಕೊಂಡಿತು. ಈ ಸಲ ಅದು ಯಾವ ಸ್ಟೈಲೆಂದು ಯಾರೂ ಕೇಳಲಿಲ್ಲ.