ಕೊಸರು ನಿಲ್ಲಿಸಿದವರಿಗೆ ಹನ್ನೆರಡು ಕಂಡಿಕೆ

ಕೊಲ್ಪಾಮಾಯು ನಗರಸಭಾ ಕಾರ್ಯಾಲಯ
ಸಂಖ್ಯೆ: ಕೊನಸ/ಕೊಸರು/ನಗು/214
ದಿನಾಂಕ: ಆಗಸ್ಟ್ 23, ಶನಿವಾರ (ಸಂತೆಯ ಮುನ್ನಾದಿನ)

ಸುತ್ತೋಲೆ

ವಿಷಯ: ಮುಖ್ಯ ಮಾರುಕಟ್ಟೆಯ ಇನ್ನೂರ ಹದಿನಾಲ್ಕು ಮಹಿಳಾ ವ್ಯಾಪಾರಸ್ಥರು ನಗರಸಭೆಯ ಅಧಿಕಾರಿ, ನೌಕರ ಹಾಗೂ ಚುನಾಯಿತ ಪ್ರತಿನಿಧಿಗಳಿಗೆ ಕೊಸರು ಹಾಕುವುದನ್ನು ನಿಲ್ಲಿಸಿರುವ ಬಗ್ಗೆ; ಸದರಿ ಕೊಸರನ್ನು ಮರುಸ್ಥಾಪಿಸುವ ಬಗ್ಗೆ.

ಉಲ್ಲೇಖ:
(1) ಮಾರುಕಟ್ಟೆಯ ಹೊಸ ತಗಡಿನ ಚಾವಣಿ ಉದ್ಘಾಟನೆಯಲ್ಲಿ ಮಾನ್ಯ ಮೇಯರ್ ದೋನ್ ವಿತಾಲಿಯಾನೊ ಸುವಾಸ್ನಾಬಾರ್ ಅವರು ಮಾಡಿದ ಭಾಷಣ, ದಿನಾಂಕ ಆಗಸ್ಟ್ 3.
(2) ಕಾರ್ಯದರ್ಶಿಗಳ ಧರ್ಮಪತ್ನಿಯವರ ಮೌಖಿಕ ದೂರು, ದಿನಾಂಕ ಆಗಸ್ಟ್ 4, 5, 6, 7 ಮತ್ತು ಅಲ್ಲಿಂದೀಚೆಗೆ ಪ್ರತಿದಿನ.
(3) ದಂತವೈದ್ಯರ ಚೀಟಿ.
(4) ಮೇಯರ್ ಅವರ ಮೌಖಿಕ ಆದೇಶ: "ಹನ್ನೆರಡು ಕಂಡಿಕೆ ಬರಿಯಮ್ಮ. ಡಜನ್ ತುಂಬಿದ್ರೆ ಜನಕ್ಕೆ ಭಯ ಇರತ್ತೆ. ನಂಗೆ ಓದಿ ಹೇಳ್ಬೇಡ, ಹಲ್ಲು ನೋಯ್ತಿದೆ."

ಪೀಠಿಕೆ:

ಮೇಲ್ಕಂಡ ಉಲ್ಲೇಖ (1)ರ ಭಾಷಣದಲ್ಲಿ ಮೇಯರ್ ಅವರು, ಲಾಮಾ ಪ್ರಾಣಿಯ ಒಣಮಾಂಸವನ್ನು ಕಲ್ಲಿನಿಂದ ಜಜ್ಜಿದಷ್ಟೂ ಮೆತ್ತಗಾಗುತ್ತದೆ, ಮನೆಯ ಹೆಂಡತಿಯ ವಿಷಯವೂ ಅಷ್ಟೇ ಎಂಬರ್ಥದ ಒಂದು ವಾಕ್ಯವನ್ನು ಆಡಿರುತ್ತಾರೆ. ಸದರಿ ವಾಕ್ಯವು ಹಾಸ್ಯವೆಂದು ಕಾರ್ಯಾಲಯದ ಟಿಪ್ಪಣಿಯಲ್ಲಿ ಅದೇ ದಿನ ಸಂಜೆ ನಮೂದಾಗಿದೆ. ವೇದಿಕೆಯ ಮುಂದಿನ ಎರಡು ಸಾಲುಗಳಲ್ಲಿದ್ದ ಮೂವತ್ತೊಂದು ಮಂದಿ ನೌಕರರು, ಕಾರ್ಯದರ್ಶಿಗಳು ಸನ್ನೆಗೆಂದು ಕರವಸ್ತ್ರ ತೆಗೆದ ಕೂಡಲೇ, ರೂಢಿಯಂತೆ, ನಕ್ಕಿರುತ್ತಾರೆ. ಎಲ್ಲರಿಗಿಂತ ಜೋರಾಗಿ, ತೊಡೆ ತಟ್ಟಿಕೊಂಡು ನಕ್ಕವರು ಮೇಯರ್ ಅವರ ವಾಹನ ಚಾಲಕ ಕ್ಲೆತೊ ವರಾಚಿ. ಹಿಂದೆ ನಿಂತಿದ್ದ ಮಾರುಕಟ್ಟೆಯ ಹೆಂಗಸರು ನಕ್ಕಿರುವುದಿಲ್ಲ. ಕೂಗಿರುವುದಿಲ್ಲ, ಟೊಮೆಟೊ ಎಸೆದಿರುವುದಿಲ್ಲ. ತಮ್ಮ ಟೋಪಿ ಸರಿಮಾಡಿಕೊಂಡು ಅಂಗಡಿಗಳಿಗೆ ಹೋಗಿರುತ್ತಾರೆ. ಇದರಿಂದ ಕಾರ್ಯಾಲಯವು ಎಲ್ಲವೂ ಸುಗಮವಾಗಿದೆ ಎಂದು ತಪ್ಪು ತಿಳಿದಿರುತ್ತದೆ.

ಮರುದಿನ ಬೆಳಿಗ್ಗೆಯಿಂದ ಕೊಸರು ನಿಂತಿದೆ. ನಗದೆ ಇದ್ದವರಿಗೆ ತೂಕದ ಮೇಲೆ ಎಂದಿನಂತೆ ಒಂದು ಹಿಡಿ ಬಟಾಣಿ, ಎರಡು ಆಲೂಗಡ್ಡೆ, ಒಂದು ಕಂತೆ ಸೊಪ್ಪು ಬೀಳುತ್ತಿದ್ದು, ನಕ್ಕವರಿಗೆ ಏನೂ ಬೀಳುತ್ತಿಲ್ಲ. ತಕ್ಕಡಿ ಸಮ ಮಾಡಲು ಒಬ್ಬ ವ್ಯಾಪಾರಿ ಬಟಾಣಿ ಕಾಳೊಂದನ್ನು ಹಲ್ಲಿನಲ್ಲಿ ಕಚ್ಚಿ ಅರ್ಧ ಮಾಡಿ ಹಾಕಿರುವುದು ಕಾರ್ಯದರ್ಶಿಗಳ ಕಣ್ಣೆದುರೇ ನಡೆದಿದೆ. ಮನೆಯಲ್ಲಿ ಚೀಲ ಬಿಚ್ಚಿದ ತಕ್ಷಣ ಯಾರು ನಕ್ಕಿದ್ದರೆಂದು ಹೆಂಡತಿ, ತಾಯಿ, ಅತ್ತೆ ಹಾಗೂ ಹೆಣ್ಣುಮಕ್ಕಳಿಗೆ ಗೊತ್ತಾಗುತ್ತಿದೆ. ಉಲ್ಲೇಖ (2)ರ ದೂರು ಇಡಿಯಾಗಿ ಹೀಗಿದೆ: "ನೀವೂ ನಕ್ರಾ?" ಇದಕ್ಕೆ ಕೊಡಬೇಕಾದ ಉತ್ತರದ ಕರಡು ಇನ್ನೂ ಅಂತಿಮಗೊಂಡಿಲ್ಲ.

ಈ ಚಳವಳಿಗೆ ಕಾರಣ ಒಣಮಾಂಸದ ಅಂಗಡಿ ಸಂಖ್ಯೆ 88ರ ದೋನ್ಯ ಪ್ಲಾಸಿದಾ ಚೋಕೆವಿಲ್ಕ ಎಂದು ಮೇಯರ್ ಅವರ ಅಭಿಪ್ರಾಯ. ಇವರ ಮಗಳು ನಿಲ್ದಾ ಎಂಬಾಕೆಯ ಎಡಗೈಯನ್ನು ಗಂಡ ಮುರಿದಿದ್ದು, ಆತ ಆಕೆಯ ಹತ್ತಿರ ಸುಳಿಯಕೂಡದೆಂಬ ಆದೇಶವು ಹನ್ನೊಂದು ವಾರಗಳಿಂದ ಮೇಯರ್ ಅವರ ಒಂದು ಸಹಿಗಾಗಿ ಕಾದಿದೆ. ಗಂಡನು ಮೇಲೆ ಹೇಳಿದ ಕ್ಲೆತೊ ವರಾಚಿಯೇ ಆಗಿರುತ್ತಾನೆ. ಆತ ದಿನಾ ಮಧ್ಯಾಹ್ನ ಮೇಯರ್ ಅವರ ಊಟಕ್ಕೆ ಮಾಂಸ ಕೊಳ್ಳುವ ನೆಪದಲ್ಲಿ 88ನೇ ಅಂಗಡಿ ಮುಂದೆ ನಿಂತು, "ಎಲ್ಲಿಟ್ಟಿದೀಯ ಅವಳ್ನ, ಮುದುಕಿ?" ಎಂದು ಕೇಳುವುದು ವಾಡಿಕೆ. ನಿಲ್ದಾ ಹನ್ನೊಂದು ವಾರಗಳಿಂದ ಬೀದಿಗೆ ಬಂದಿಲ್ಲ. ಈ ವಿಷಯಕ್ಕೂ ಕೊಸರಿಗೂ ಸಂಬಂಧವಿಲ್ಲವೆಂದು ಕಾರ್ಯಾಲಯದ ನಿಲುವು.

ಆದ ಕಾರಣ, ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಕೊಸರು ಎಂದರೆ ತೂಕ ಮುಗಿದ ಮೇಲೆ, ಕೇಳದೆ, ಮನಸ್ಸಿಗೆ ಬಂದು ಹಾಕುವುದು. ಇನ್ನು ಮುಂದೆ ಇದನ್ನು ಕಡ್ಡಾಯಗೊಳಿಸಲಾಗಿದೆ. ವ್ಯಾಪಾರಿಯ ಮನಸ್ಸಿಗೆ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಬರತಕ್ಕದ್ದು.

2. ಹಿಡಿಯ ಪ್ರಮಾಣದಲ್ಲಿ ಏಕರೂಪತೆ ತರುವ ಸಲುವಾಗಿ, ನಕ್ಕ ಮೂವತ್ತೊಂದು ನೌಕರರ ಅಂಗೈಗಳನ್ನು ಅಳೆದು, ಸರಾಸರಿ ತೆಗೆದು, ಗಾರೆಯ ಒಂದು ಕೈಯನ್ನು ಮಾಡಿಸಿ ಮಾರುಕಟ್ಟೆಯ ಬಾಗಿಲಿಗೆ ತೂಗುಹಾಕಲಾಗಿದೆ. ಸಣ್ಣ ಕೈಯವರು ಎರಡು ಸಲ ಹಾಕತಕ್ಕದ್ದು. ದೊಡ್ಡ ಕೈಯವರು ಕಿರುಬೆರಳು ಮಡಚಿಕೊಳ್ಳತಕ್ಕದ್ದು. ಗಾರೆಯ ಕೈಗೆ ಯಾರೋ ಕಲ್ಲೊಂದನ್ನು ಹಿಡಿಸಿ, ಕೆಳಗೆ "ನಗರಸಭೆಯ ಹಾಸ್ಯ" ಎಂದು ಬರೆದಿರುವುದು ಗಮನಕ್ಕೆ ಬಂದಿದೆ. ಕಲ್ಲನ್ನು ತೆಗೆಸಲಾಗಿದೆ. ಮರುದಿನ ಇನ್ನೂ ದೊಡ್ಡದು ಬಂದಿದೆ.

3. ನೌಕರರನ್ನು ಕಂಡಾಗ ಹಿಂದಿನಂತೆ "ಕಸೇರಾ", ಅಂದರೆ ಖಾಯಂ ಗಿರಾಕಿಗಳನ್ನು ಕರೆಯುವ "ವರ್ತನೆಯವರೇ", ಎಂದೇ ಕರೆಯತಕ್ಕದ್ದು. ಆಗಸ್ಟ್ 4ರಿಂದ "ಬನ್ನಿ ಸಾಹೇಬ್ರೆ, ಏನಪ್ಪಣೆ ಸಾಹೇಬ್ರೆ" ಎಂದು ಕರೆಯಲಾಗುತ್ತಿದ್ದು, ಇಪ್ಪತ್ತು ವರ್ಷದ ವರ್ತನೆಯವರ ಬಾಯಿಂದ ಇದನ್ನು ಕೇಳಿ ತೆರಿಗೆ ವಿಭಾಗದ ಇಬ್ಬರು ಊಟ ಬಿಟ್ಟಿರುತ್ತಾರೆ. ಗೌರವ ಕೊಟ್ಟು ಅವಮಾನ ಮಾಡುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

4. ದಿನಾಂಕ ಆಗಸ್ಟ್ 3ರ ನಗುವನ್ನು ಪೂರ್ವಾನ್ವಯವಾಗುವಂತೆ ಕೆಮ್ಮು ಎಂದು ಮರುವರ್ಗೀಕರಿಸಲಾಗಿದೆ. ನೌಕರರು ನಮೂನೆ 7ರಲ್ಲಿ ಕೆಮ್ಮು ದೃಢೀಕರಣ ಪತ್ರ ಪಡೆದು ವ್ಯಾಪಾರಿಗಳಿಗೆ ತೋರಿಸಬಹುದು. ಮೊದಲ ಪತ್ರವನ್ನು ಕಾರ್ಯದರ್ಶಿಗಳೇ 88ನೇ ಅಂಗಡಿಯಲ್ಲಿ ತೋರಿಸಿದಾಗ ದೋನ್ಯ ಪ್ಲಾಸಿದಾ ಅವರು, "ಕೆಮ್ಮಿದ್ರೆ ಎರಡು ಹೆಜ್ಜೆ ಹಿಂದೆ ನಿಂತ್ಕೊಳಿ ಸಾಹೇಬ್ರೆ, ತಿನ್ನೋ ಪದಾರ್ಥ ಇದು" ಎಂದಿರುತ್ತಾರೆ.

ಕಡತದ ಪೂರ್ಣತೆಗಾಗಿ: ನಕ್ಕ ಮೂವತ್ತೊಂದು ಮಂದಿಯಲ್ಲಿ ಈ ಸುತ್ತೋಲೆಯ ಕರಡು ಬರೆಯುತ್ತಿರುವ ಗುಮಾಸ್ತೆಯೂ ಒಬ್ಬಳು. ಎರಡು ಸೆಕೆಂಡು ನಕ್ಕಿದ್ದಾಳೆ. ಕರವಸ್ತ್ರ ಕಂಡರೆ ಬಾಯಿ ತಾನಾಗಿ ತೆರೆಯುವಷ್ಟು ಸೇವಾವಧಿ ಆಕೆಗೆ ಆಗಿದೆ. ಮರುದಿನ ಕಾಲು ಕಿಲೋ ಮಾಂಸಕ್ಕೆ ಕಾಲು ಕಿಲೋ ಮಾತ್ರ ಬಂದಾಗ ಆಕೆ ಅಲ್ಲೇ ನಿಂತಿದ್ದು, ದೋನ್ಯ ಪ್ಲಾಸಿದಾ ಅವರು ಬೈಯದೆ, "ನೀನೂನಾ, ಮಗಳೇ?" ಎಂದಷ್ಟೇ ಕೇಳಿರುತ್ತಾರೆ. ಆಕೆ ನಮೂನೆ 7ಕ್ಕೆ ಅರ್ಜಿ ಹಾಕಿಲ್ಲ. ಆಕೆಗೆ ನಾಚಿಕೆಯಾಗಿದೆ. ಇದನ್ನು ದಾಖಲೆಗೆ ತೆಗೆದುಕೊಳ್ಳಲಾಗಿದೆ.

5. ಮೇಯರ್ ಅವರು ಹಾದುಹೋಗುವಾಗ ಮಾರುಕಟ್ಟೆ ಒಮ್ಮೆಲೇ ಮೌನವಾಗುತ್ತಿದ್ದು, ಅವರ ಬೂಟಿನ ಕಿರ್ ಕಿರ್ ಶಬ್ದ ಅವರಿಗೇ ಕೇಳಿಸುತ್ತಿದೆ. ನಾಲ್ಕು ಸೆಕೆಂಡಿಗಿಂತ ಹೆಚ್ಚಿನ ಮೌನವನ್ನು ಶಬ್ದಮಾಲಿನ್ಯವೆಂದು ಪರಿಗಣಿಸಲಾಗುವುದು. ಆ ಹೊತ್ತಿನಲ್ಲಿ ಪ್ರತಿ ಸಾಲಿಗೆ ಇಬ್ಬರಂತೆ ಆಲೂಗಡ್ಡೆಯ ಗುಣಗಾನ ಮಾಡುತ್ತಿರತಕ್ಕದ್ದು.

6. ಒಣಮಾಂಸವನ್ನು ಜಜ್ಜಿ ಕೊಡುವುದು ಈ ಊರಿನ ಪದ್ಧತಿ. ಆಗಸ್ಟ್ 4ರಿಂದ 88ನೇ ಅಂಗಡಿಯಲ್ಲಿ ಜಜ್ಜುವುದು ನಿಂತಿದೆ. ಕಾರಣ ಕೇಳಲಾಗಿ, "ಜಜ್ಜೋದ್ರಲ್ಲಿ ಮೇಯರ್ ನನಗಿಂತ ಬಲ್ಲವ್ರು. ಕಲ್ಲು ಇಲ್ಲೇ ಇದೆ, ಅವ್ರೇ ಬಂದು ಕುಟ್ಕೊಳ್ಳಲಿ" ಎಂಬ ಲಿಖಿತವಲ್ಲದ ಉತ್ತರ ಬಂದಿದೆ. ಜಜ್ಜದ ಮಾಂಸ ಕಚ್ಚಿ ಮೇಯರ್ ಅವರ ಬಲದವಡೆ ಹಲ್ಲು ಸೀಳಿದ್ದು, ಉಲ್ಲೇಖ (3)ರ ಚೀಟಿಯನ್ನು ಲಗತ್ತಿಸಿದೆ. ಜಜ್ಜದ ಮಾಂಸವನ್ನು ಇನ್ನು ಮುಂದೆ ಆಯುಧವೆಂದು ಪರಿಗಣಿಸಲಾಗುವುದು.

7. ಮೇಯರ್ ಅವರು ಆಗಸ್ಟ್ 10ರಂದು ಕ್ಷಮೆ ಯಾಚಿಸಿರುತ್ತಾರೆ. "ಯಾರಿಗಾದ್ರೂ ನೋವಾಗಿದ್ರೆ, ಆಗಿದ್ರೆ ಅಂತೀನಿ" ಎಂಬುದು ಅದರ ಪೂರ್ಣ ಪಾಠ. ನೋವಾದವರು ನೋವಿನ ಸ್ಥಳ, ಗಾತ್ರ ಮತ್ತು ಇಬ್ಬರು ಸಾಕ್ಷಿಗಳ ಸಹಿತ ಅರ್ಜಿ ಸಲ್ಲಿಸಲು ತಿಳಿಸಲಾಗಿತ್ತು. ಇನ್ನೂರ ಹದಿನಾಲ್ಕು ಅರ್ಜಿಗಳು ಬಂದಿವೆ. ಎಲ್ಲದರಲ್ಲೂ ಸ್ಥಳ ಎಂಬಲ್ಲಿ "ನಿಲ್ದಾಳ ಎಡಗೈ" ಎಂದಿದೆ. ಒಂದೇ ಕೈ ಇಷ್ಟು ಮಂದಿಗೆ ನೋಯುವುದು ನಿಯಮದಲ್ಲಿಲ್ಲದ ಕಾರಣ ಎಲ್ಲವನ್ನೂ ತಿರಸ್ಕರಿಸಲಾಗಿದೆ.

8. ನಿಲ್ದಾಳ ಕಡತ ಕೊಳೆಯುತ್ತಿದೆ ಎಂಬುದು ಸುಳ್ಳು ಸುದ್ದಿ. ಸದರಿ ಕಡತವು ಮೇಯರ್ ಅವರ ಮೇಜಿನ ಕುಂಟುಗಾಲಿನ ಅಡಿಯಲ್ಲಿ ಸೇವೆ ಸಲ್ಲಿಸುತ್ತಿದೆ. ಅದನ್ನು ಎಳೆದರೆ ಮೇಜು ಅಲುಗಾಡಿ ಸಹಿ ಕೆಡುತ್ತದೆ, ಎಳೆಯದಿದ್ದರೆ ಸಹಿ ಮಾಡಲಾಗುವುದಿಲ್ಲ. ಈ ಕುರಿತು ತಜ್ಞರ ಅಭಿಪ್ರಾಯ ಕೋರಲಾಗಿದೆ.

9. ಇನ್ನು ಮುಂದೆ ಮೇಯರ್ ಅವರು ಹಾಸ್ಯ ಮಾಡುವ ಮೊದಲು ಗಂಟೆ ಬಾರಿಸಲಾಗುವುದು. ಗಂಟೆಗೂ ನಗದವರಿಗೆ ಹಾಸ್ಯವನ್ನು ವಿವರಿಸಲಾಗುವುದು. ವಿವರಣೆಗೂ ನಗದವರನ್ನು ಪಟ್ಟಿ ಮಾಡಲಾಗುವುದು. ಪಟ್ಟಿಯಲ್ಲಿ ಹೆಸರು ಬರಲೆಂದು ಈಗಾಗಲೇ ಸಾಲು ನಿಂತಿದ್ದು, ಸಾಲಿನಲ್ಲಿ ಕಾರ್ಯದರ್ಶಿಗಳ ಧರ್ಮಪತ್ನಿಯವರು ಮೂರನೆಯವರಾಗಿದ್ದಾರೆ.

10. ಕಳೆದ ವರ್ಷ ಚೌಕದಲ್ಲಿ ನಾಯಿಗಳು ಬಾಲ ಅಲ್ಲಾಡಿಸುವುದನ್ನು ನಿಯಂತ್ರಿಸುವ ಸುತ್ತೋಲೆಯನ್ನು ಜನ ನಕ್ಕಿದ್ದರಿಂದ ಮೂರೇ ದಿನದಲ್ಲಿ ಹಿಂಪಡೆಯಬೇಕಾಯಿತು. ಅಂಥ ಮುಜುಗರ ಮರುಕಳಿಸಬಾರದೆಂದು ಮೇಯರ್ ಅವರ ಖಡಕ್ ಅಪ್ಪಣೆಯಾಗಿದೆ. ಅದರಂತೆ, ಈ ಸುತ್ತೋಲೆಯಲ್ಲಿ ಬರೆದಿರುವ ಯಾವ ಕಂಡಿಕೆಯನ್ನೂ ಒಂದು ವರ್ಷದವರೆಗೆ ಯಾರೂ ಹಿಂಪಡೆಯುವಂತಿಲ್ಲ, ತಿದ್ದುವಂತಿಲ್ಲ. "ಯಾರೂ" ಎಂಬುದರಲ್ಲಿ ಮೇಯರ್ ಅವರೂ ಸೇರಿದ್ದಾರೆ. "ನಾನೇ ಬಂದು ಗೋಗರೆದ್ರೂ ಬಿಡಬಾರದು, ಹಾಗೆ ಬರಿ" ಎಂದು ಅವರು ಹೇಳಿದ್ದು, ಹಾಗೇ ಬರೆಯಲಾಗಿದೆ.

11. ಈ ಸುತ್ತೋಲೆಯನ್ನು ನಾಳೆ ಭಾನುವಾರ ಸಂತೆಯಲ್ಲಿ, ಊರೆಲ್ಲ ನೆರೆದಿರುವಾಗ, ಧ್ವನಿವರ್ಧಕದಲ್ಲಿ ಮೂರು ಸಲ ಓದತಕ್ಕದ್ದು. ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದತಕ್ಕದ್ದು. ಓದಿದ ಕ್ಷಣದಿಂದ ಎಲ್ಲ ಕಂಡಿಕೆಗಳೂ ಜಾರಿಗೆ ಬಂದಿವೆ ಎಂದು ತಿಳಿಯತಕ್ಕದ್ದು.

12. ನಗರಸಭೆಯ ಹದಿನೆಂಟು ಮಂದಿ ಕಾವಲುಗಾರರು ಪ್ರತಿ ಕಂಡಿಕೆಯನ್ನೂ ಏಕೆ, ಏನು ಎಂದು ಕೇಳದೆ ಜಾರಿ ಮಾಡತಕ್ಕದ್ದು. ಕೇಳಿದವರನ್ನು ಗಾರೆಯ ಕೈ ಕಾಯಲು ನಿಯೋಜಿಸಲಾಗುವುದು.

ಇಲ್ಲಿಗೆ ಮೇಯರ್ ಅವರು ಹೇಳಿದ ಡಜನ್ ತುಂಬಿದೆ. ತೂಕದಲ್ಲಿ ಮೋಸವಿಲ್ಲ. ಆದರೆ ಈ ಮಾರುಕಟ್ಟೆಯಲ್ಲಿ ಡಜನ್ ಕೊಂಡವರಿಗೆ ಹದಿಮೂರನೆಯದನ್ನು ಕೇಳದೆ ಹಾಕುವುದು ಅಜ್ಜಿಯರ ಕಾಲದ ಪದ್ಧತಿ. ಅದನ್ನು ಮರುಸ್ಥಾಪಿಸಲೆಂದೇ ಈ ಸುತ್ತೋಲೆ ಹೊರಟಿರುವುದರಿಂದ, ಕಾರ್ಯಾಲಯವು ಮೊದಲು ತಾನೇ ಮಾದರಿಯಾಗುವುದು ಸೂಕ್ತವೆಂದು ಭಾವಿಸಲಾಗಿದೆ. ಕೆಳಗಿನದು ಕೊಸರು.

13. ವಾಹನ ಚಾಲಕ ಕ್ಲೆತೊ ವರಾಚಿಯು ನಿಲ್ದಾಳಿಂದ, ಆಕೆಯ ತಾಯಿಯಿಂದ, ಆಕೆ ಇರುವ ಮನೆಯಿಂದ, ನಡೆಯುವ ಬೀದಿಯಿಂದ ಹಾಗೂ ಈ ಮಾರುಕಟ್ಟೆಯಿಂದ ಮುನ್ನೂರು ಹೆಜ್ಜೆ ದೂರ ಇರತಕ್ಕದ್ದು. ಒಂದು ಹೆಜ್ಜೆ ಹತ್ತಿರ ಬಂದರೂ ಕಾವಲುಗಾರರು ಕಂಡಿಕೆ 12ರಂತೆ ಹಿಡಿದು ಪೊಲೀಸರಿಗೆ ಒಪ್ಪಿಸತಕ್ಕದ್ದು. ಹನ್ನೊಂದು ವಾರಗಳಿಂದ ಸಹಿಗೆ ಕಾದಿರುವ ಆದೇಶ ಇದೇ ಆಗಿದ್ದು, ಈ ಸುತ್ತೋಲೆಯ ಸಹಿಯೇ ಅದರ ಸಹಿ. ಮೇಯರ್ ಅವರ ಊಟದ ಮಾಂಸವನ್ನು ಇನ್ನು ಮುಂದೆ ಮೇಯರ್ ಅವರೇ ನಡೆದು ಬಂದು ಕೊಳ್ಳತಕ್ಕದ್ದು. ಅವರಿಗೆ ಕೊಸರು ಹಾಕುವುದು ಬಿಡುವುದು ಅಂಗಡಿಯವರ ಮನಸ್ಸು. ಈ ಒಂದು ವಿಷಯದಲ್ಲಿ ಕಂಡಿಕೆ 1 ಅನ್ವಯಿಸುವುದಿಲ್ಲ. ಮೇಜಿನ ಅಡಿಯ ಕಡತವನ್ನು ಇಂದು ಮಧ್ಯಾಹ್ನ ತೆಗೆಯಲಾಗಿದೆ. ಅದರ ಜಾಗದಲ್ಲಿ ಜಜ್ಜದ ಒಣಮಾಂಸದ ಒಂದು ತುಂಡನ್ನು ಇಡಲಾಗಿದ್ದು, ಮೇಜು ಈಗ ಕಿಂಚಿತ್ತೂ ಅಲುಗುತ್ತಿಲ್ಲ.

ಮೇಲಿನ ಹದಿಮೂರನ್ನೂ ಚಾಚೂ ತಪ್ಪದೆ ಪಾಲಿಸುವುದು.

ಸಹಿ/-
(ದೋನ್ ವಿತಾಲಿಯಾನೊ ಸುವಾಸ್ನಾಬಾರ್)
ಮೇಯರ್, ಕೊಲ್ಪಾಮಾಯು ನಗರಸಭೆ
(ಒಂದು ಕೈ ಕೆನ್ನೆಯ ಮೇಲಿಟ್ಟುಕೊಂಡು, ಇನ್ನೊಂದು ಕೈಯಿಂದ ಸಹಿ ಮಾಡಿರುತ್ತಾರೆ. ಸಹಿಯ ಜಾಗವಿರುವ ಕೊನೆಯ ಹಾಳೆಯನ್ನಷ್ಟೇ ಕೇಳಿ ಪಡೆದಿರುತ್ತಾರೆ, ಓದಿರುವುದಿಲ್ಲ.)

ಕರಡು ಸಿದ್ಧಪಡಿಸಿದವರು: ಎರ್ಮಿನಿಯಾ ತೊಲಾ, ಗುಮಾಸ್ತೆ, ಸುತ್ತೋಲೆ ವಿಭಾಗ

ಪ್ರತಿಗಳು:
1. ಕಾರ್ಯದರ್ಶಿಗಳಿಗೆ: ಸೂಕ್ತ ಕ್ರಮಕ್ಕಾಗಿ.
2. ಕಾರ್ಯದರ್ಶಿಗಳ ಧರ್ಮಪತ್ನಿಯವರಿಗೆ: ಸೂಕ್ತ ಕ್ರಮ ಆಗಿದೆಯೇ ಎಂದು ನೋಡಿಕೊಳ್ಳುವುದಕ್ಕಾಗಿ.
3. ಹದಿನೆಂಟು ಮಂದಿ ಕಾವಲುಗಾರರಿಗೆ: ಹದಿಮೂರನೆಯದನ್ನು ಮೊದಲು ಓದುವ ಸೂಚನೆಯೊಂದಿಗೆ.
4. ಧ್ವನಿವರ್ಧಕದವರಿಗೆ: ಕೊನೆಯ ಕಂಡಿಕೆಗೆ ಬರುವಾಗ ಶಬ್ದ ಹೆಚ್ಚಿಸುವುದು.
5. ದಂತವೈದ್ಯರಿಗೆ: ಮೇಯರ್ ಅವರನ್ನು ನಾಳೆ ಸಂತೆ ಮುಗಿಯುವವರೆಗೆ ಕುರ್ಚಿಯಿಂದ ಏಳಿಸದಿರಲು ಕೋರಿ.
6. ಕ್ಲೆತೊ ವರಾಚಿಗೆ: ಮುನ್ನೂರು ಹೆಜ್ಜೆ ದೂರದಿಂದ ಓದಿ ಹೇಳತಕ್ಕದ್ದು.
7. ದೋನ್ಯ ಪ್ಲಾಸಿದಾ ಚೋಕೆವಿಲ್ಕ, ಅಂಗಡಿ ಸಂಖ್ಯೆ 88: ಮಾಹಿತಿಗಾಗಿ. ಕರಡು ಬರೆದಾಕೆ ಸೋಮವಾರ ಕಾಲು ಕಿಲೋ ಕೊಳ್ಳಲು ಬರುತ್ತಾಳೆ. ಕೊಸರು ಕೇಳುವುದಿಲ್ಲ.
8. ಕಚೇರಿ ಪ್ರತಿ.
9. ನಿಲ್ದಾ ಅವರಿಗೆ (ವಿಳಾಸ ಈ ಕಾರ್ಯಾಲಯಕ್ಕೆ ಗೊತ್ತಿಲ್ಲ, ಯಾರು ಕೇಳಿದರೂ ಗೊತ್ತಿಲ್ಲ, ಪ್ರತಿಯನ್ನು ತಾಯಿಯ ಕೈಗೆ ಕೊಡಲಾಗುವುದು): ಮಾಹಿತಿಗಾಗಿ, ಮತ್ತು ಬೀದಿಗೆ ಬರುವುದಕ್ಕಾಗಿ.