ಏಣಿಯೇರಿದ ಗಾಳ

ಶಿವಣ್ಣ: ಇನ್ನೊಂದು ಎಜ್ಜೆ ಮುಂದಕ್ಕಿಡಾಕಿಲ್ಲ ಸಾ. ಮೊದ್ಲು ನೀರು ತರ್ಸಿ.

ಚೆಲುವರಾಜು: ಈಗಷ್ಟೇ ಕುಡಿದೆಯಲ್ಲಯ್ಯ! ಇದೇ ಜಗಲಿಯ ಮೇಲೆ, ಇದೇ ಚೊಂಬಿನಲ್ಲಿ!

ಶಿವಣ್ಣ: ಅದು ಮೊದುಲ್ನೇ ಸಲ ಕೇಳಿದ್ದುಕ್ಕೆ. ಇದು ಎರಡ್ನೇ ಸಲ ಕೇಳಿದ್ದುಕ್ಕೆ.

ಚೆಲುವರಾಜು: ಕೇಳಿದವರು ಯಾರು? ಅದೇ ಗುರುಸಿದ್ದಮ್ಮ. ಕೇಳಿದ್ದೇನು? ಅದೇ ಪ್ರಶ್ನೆ. ಒಂದೇ ಪ್ರಶ್ನೆಗೆ ಎರಡು ಸಲ ನೀರು ಕುಡಿಯಬೇಕೆಂದು ಎಲ್ಲಿ ಬರೆದಿದೆ?

ಎಲ್ಲಿಯೂ ಬರೆದಿಲ್ಲ. ಕೆಲಸಕ್ಕೆ ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಬಾರದು. ಕೇಳಿದರೆ ಕೆಲಸ ಕೆಡುತ್ತದೆ. ಕೇಳಿಸಿಕೊಂಡವರು ಮನೆಗೆ ಹಿಂದಿರುಗಿ, ಕುಳಿತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಈ ನಿಯಮವು ಯಾವ ಗೆಜೆಟ್ಟಿನಲ್ಲಿಯೂ ಪ್ರಕಟವಾಗದಿದ್ದರೂ ತಿ. ನರಸೀಪುರದಲ್ಲಿ ಇದನ್ನು ಅರಿಯದವರಿಲ್ಲ. ಅರಿತೂ ಪಾಲಿಸದವರು ಒಬ್ಬರೇ, ಬೀದಿಯ ಮೂಲೆಮನೆಯ ಗುರುಸಿದ್ದಮ್ಮ. ಆಕೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಳೆಂದರೆ, ಮುಂದೆ ಸುಳಿದ ನಾಯಿಯನ್ನೂ ಎಲ್ಲಿಗೆ ಹೊರಟೆ ಎಂದು ಕೇಳದೆ ಬಿಡುವವಳಲ್ಲ.

ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರಾಗಿ ನಿವೃತ್ತರಾದ ಚೆಲುವರಾಜು ಅವರಿಗೆ ಕಬಿನಿಯ ದಡದಲ್ಲಿ ಕುಳಿತು ಗಾಳ ಹಾಕುವುದಕ್ಕಿಂತ ಅದಕ್ಕೆ ಬೇಕಾದ ಸಾಮಾನನ್ನು ಹೊರುವುದೇ ದೊಡ್ಡ ಉದ್ಯೋಗ. ಹೊರುವುದರಲ್ಲಿ ಜೊತೆಗಾರ ಶಿವಣ್ಣ. ಗಾಳದ ಕೋಲುಗಳು, ರೀಲುಗಳು, ಉದ್ದ ಹಿಡಿಯ ಬಲೆ, ಮಡಚುವ ಸ್ಟೂಲುಗಳು, ದೊಡ್ಡ ಕೊಡೆ, ಥರ್ಮಾಸು, ಐಸ್ ಡಬ್ಬಿ, ಸಿಕ್ಕ ಮೀನನ್ನು ತೂಗಲು ಸರ್ಕಾರಿ ಮುದ್ರೆ ಬಿದ್ದ ಸ್ಪ್ರಿಂಗ್ ತಕ್ಕಡಿ. ಎರೆಹುಳು ಸಾಯಬಾರದೆಂದು ಒದ್ದೆ ಮಣ್ಣು ತುಂಬಿದ ಮಡಕೆ ಬೇರೆ. ಮೀನೊಂದನ್ನು ಬಿಟ್ಟು ಉಳಿದ ಸಮಸ್ತವೂ ಅವರಲ್ಲಿತ್ತು.

ಚೆಲುವರಾಜು: ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು ನೀನು. ಹತ್ತಿದವರನ್ನೆಲ್ಲ ‘ಎಲ್ಲಿಗೆ, ಎಲ್ಲಿಗೆ’ ಎಂದು ಕೇಳಿಯೇ ಜೀವನ ಸಾಗಿಸಿದವನು. ನಿನಗೇಕಯ್ಯ ಈ ಮಡಿ?

ಶಿವಣ್ಣ: ಅದ್ಕೇ ಸಾ ನನ್ ಬಸ್ಸು ವಾರಕ್ಕೊಂದ್ಸಲ ಕೆಟ್ಟು ನಿಂತ್ಕತಿದ್ದದ್ದು. ಅನುಬವ್ಸಿದೋನು ಏಳ್ತಾವ್ನಿ, ಕೇಳಿ.

ಚೊಂಬು ಹಿಡಿದು ಹೊರಬಂದವರು ಚೆಲುವರಾಜು ಅವರ ಧರ್ಮಪತ್ನಿ ವನಜಾಕ್ಷಿ. ಬೆರಳುಗಳಿಗೆ ಮಸಾಲೆ ಮೆತ್ತಿಕೊಂಡಿತ್ತು.

ವನಜಾಕ್ಷಿ: ಮತ್ತೆ ಬಂದ್ರಾ? ಮೀನು ನಿಮ್ಮನ್ನ ಹಿಡಿಯೋಕೆ ನಮ್ಮನೆಗೇ ಬರುತ್ತೆ ಬಿಡಿ. ರೀ, ಮಸಾಲೆ ಅರೆದಾಯ್ತು, ಹುಣಸೆಹಣ್ಣು ಕಿವುಚಿದ್ದಾಯ್ತು. ನಾನು ಹೇಳಿದ್ದು ನೆನಪಿದೆ ತಾನೇ?

ಚೆಲುವರಾಜು: ನೆನಪಿದೆ.

ವನಜಾಕ್ಷಿ: ಏನು, ಹೇಳಿ ನೋಡೋಣ.

ಚೆಲುವರಾಜು (ಗಂಟಲು ಸರಿಪಡಿಸಿಕೊಂಡು): ಇಂದು ಮೀನು ಹೊಸ್ತಿಲು ದಾಟಿ ಒಳಗೆ ಬಾರದಿದ್ದಲ್ಲಿ, ಸದರಿ ಸಾಮಾನುಗಳನ್ನು ಗುಜರಿಯವನಿಗೆ ಒಪ್ಪಿಸತಕ್ಕದ್ದು.

ವನಜಾಕ್ಷಿ: ಹಾಂ. ಗುಜರಿ ಗಾಡಿ ಸಂಜೆ ಬರುತ್ತೆ. ಮಂಚದ ಕೆಳಗೆ ಪೊರಕೆ ಆಡಿಸಿ ಎಷ್ಟು ಕಾಲವಾಯ್ತೋ.

ಆಕೆ ಒಳಹೋದರು. ಚೆಲುವರಾಜು ತಮ್ಮ ಕೋಲುಗಳನ್ನು, ಶಾಲೆಯ ಬಾಗಿಲಲ್ಲಿ ಮಕ್ಕಳನ್ನು ಬಿಟ್ಟುಹೋಗುವ ತಂದೆಯಂತೆ ನೋಡಿದರು.

ಶಿವಣ್ಣ: ಗುರುಸಿದ್ದಮ್ಮ ಕೇಳದು ನಮ್ಮುನ್ನಲ್ಲ ಸಾ, ಸಾಮಾನ್ನ. ಇಷ್ಟೊಂದು ಒತ್ಕಂಡು ಓದ್ರೆ ದೇವ್ರೂ ಕೇಳ್ತಾನೆ. ಕಾಣ್ದಂಗೆ ಮುಚ್ಬುಡವ.

ಚೆಲುವರಾಜು: ಮುಚ್ಚೋಣ. ಆದರೆ ಹೊರುವುದರಲ್ಲಿ ನ್ಯಾಯವಿರಬೇಕು. ಕಳೆದ ಸಲ ಥರ್ಮಾಸು ನಿನಗೆ, ಐಸ್ ಡಬ್ಬಿ ನನಗೆ. ಇದು ಸಮಭಾಗವೇ?

ಶಿವಣ್ಣ: ಥರ್ಮಾಸ್ನಾಗಿದ್ದ ಕಾಪಿನೂ ನೀವೇ ಕುಡುದ್ರಿ. ನಾನೇನಾರ ಅಂದ್ನಾ?

ಚೆಲುವರಾಜು: ಅದಕ್ಕೇ ಹೇಳುವುದು, ಹಿತ್ತಲಿನ ಬಿದಿರೇಣಿ ತಾ. ಎಲ್ಲವನ್ನೂ ಅದರ ಮೇಲೆ ಜೋಡಿಸಿ ಕಟ್ಟೋಣ. ಒಂದು ತುದಿ ನಿನ್ನ ಹೆಗಲಿಗೆ, ಇನ್ನೊಂದು ನನ್ನ ಹೆಗಲಿಗೆ. ತಕ್ಕಡಿಯ ದಂಡಿಯ ತತ್ವ. ಇದರಲ್ಲಿ ಮೋಸಕ್ಕೆ ಅವಕಾಶವೇ ಇಲ್ಲ.

ಏಣಿ ಬಂದಿತು. ಕೋಲುಗಳು ಉದ್ದಕ್ಕೆ ಮಲಗಿದವು. ಐಸ್ ಡಬ್ಬಿ ನಡುವೆ, ಟವೆಲು ಸುತ್ತಿದ ಥರ್ಮಾಸು ಒಂದು ತುದಿಗೆ, ಸ್ಟೂಲಿನ ಕಾಲುಗಳು ಇನ್ನೊಂದು ತುದಿಗೆ. ಮೇಲೆ ಚೆಲುವರಾಜು ಅವರ ಒಗೆದಿಟ್ಟ ಬಿಳಿ ಪಂಚೆ ಹೊದಿಸಿ ಹಗ್ಗದಿಂದ ಬಿಗಿದರು. ಮಡಕೆ ಮಾತ್ರ ಏಣಿಯ ಮೇಲೆ ನಿಲ್ಲಲಿಲ್ಲ.

ಶಿವಣ್ಣ: ನಾನು ಮುಂದ್ಗಡೆ ಓಗ್ತೀನಿ ಸಾ. ಮಡ್ಕೆಗೆ ಅಗ್ಗ ಕಟ್ಟಿ ಕೈನಾಗೆ ಇಡ್ಕತೀನಿ.

ಮೂರನೆಯ ಸಲ ಹೊರಟರು. ಗುರುಸಿದ್ದಮ್ಮ ತಲೆಯೆತ್ತಿದಳು. ಬಾಯಿ ತೆರೆದಳು. ತೆರೆದ ಬಾಯಿಗೆ ಸೆರಗು ಮುಚ್ಚಿಕೊಂಡಳು.

ಚೆಲುವರಾಜು (ಪಿಸುಮಾತಿನಲ್ಲಿ): ಕೇಳಲಿಲ್ಲ!

ಶಿವಣ್ಣ: ತಿರುಗ್ಬ್ಯಾಡಿ. ನಡೀರಿ ಸಾ, ನಡೀರಿ.

ಮುಂದಿನದೆಲ್ಲ ಚೆಲುವರಾಜು ಅವರಿಗೆ ಪರಮ ಸಂತೋಷದ ಅನುಭವ. ಹೋಟೆಲಿನ ಮುಂದೆ ಕುಳಿತಿದ್ದವರು ಎದ್ದು ದಾರಿ ಬಿಟ್ಟರು. ಸ್ಕೂಟರಿನವನೊಬ್ಬ ನಿಲ್ಲಿಸಿ ಹೆಲ್ಮೆಟ್ ತೆಗೆದ. ಮೊಬೈಲ್ ಅಂಗಡಿಯ ಮದನ್ ಹಾಡು ನಿಲ್ಲಿಸಿದ. ಇಲಾಖೆಯ ಜೀಪಿನಲ್ಲಿ ಬಂದಾಗಲೂ ಈ ಊರು ತಮಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲವೆಂದು ಅವರು ಯೋಚಿಸುತ್ತಿರುವಾಗಲೇ ಮದನ್ ಅಂಗಡಿಯ ಬಾಗಿಲು ಎಳೆದು ಓಡಿಬಂದ.

ಮದನ್: ಏನ್ ಸಾರ್ ಇದು, ಇಬ್ಬರೇ ಹೊತ್ಕೊಂಡು ಹೋಗ್ತಿದ್ದೀರಲ್ಲ! ನಾವೆಲ್ಲ ಇರೋದು ಯಾತಕ್ಕೆ? ಕೊಡಿ ಇತ್ಲಾಗೆ.

ಚೆಲುವರಾಜು: ನಿಮ್ಮ ತಲೆಮಾರಿನಲ್ಲಿಯೂ ಇಂಥ ಸೌಜನ್ಯ ಉಳಿದಿದೆಯೇ! ಬಹಳ ಸಂತೋಷ.

‘ಸಂತೋಷ’ ಎಂಬ ಮಾತಿಗೆ ಮದನ್ ಒಂದು ಕ್ಷಣ ದಿಟ್ಟಿಸಿ ನೋಡಿದ. ದುಃಖದಲ್ಲಿ ಮನುಷ್ಯ ಏನೇನೋ ಆಡುತ್ತಾನೆಂದು ಸಮಾಧಾನ ಮಾಡಿಕೊಂಡು ಏಣಿಗೆ ಹೆಗಲು ಕೊಟ್ಟ. ಇನ್ನೂ ಹಲವರು ಬಂದು ಸೇರಿದರು.

ಮದನ್: ಎಷ್ಟೊತ್ತಿಗೆ ಹೋಗಿದ್ದು ಸಾರ್?

ಚೆಲುವರಾಜು: ಬೆಳಿಗ್ಗೆಯೇ ಹೊರಟದ್ದು. ಆದರೆ ಎರಡು ಸಲ ಹೊರಟು ಎರಡು ಸಲವೂ ವಾಪಸ್ಸು ಬಂದದ್ದಾಯಿತು.

ಮದನ್: ವಾಪಸ್ ಬಂತಾ?

ಚೆಲುವರಾಜು: ಬಂದು, ಜಗಲಿಯ ಮೇಲೆ ಕೂತು, ನೀರು ಕುಡಿದು, ಮತ್ತೆ ಹೊರಟದ್ದು.

ಮದನ್: ಮೂಗೂರಲ್ಲಿ ನಮ್ಮ ತಾತನೂ ಹಂಗೇ ಸಾರ್. ಎಲ್ಲರೂ ಅಳ್ತಾ ಇದ್ದಾಗ ಕಣ್ಣುಬಿಟ್ಟು ಕಾಫಿ ಕೇಳಿದ್ರು. ಹಾಸಿಗೆ ಹಿಡಿದು ಬಹಳ ದಿನ ಆಗಿತ್ತಾ?

ಚೆಲುವರಾಜು: ಹಾಸಿಗೆಯೇ? ಮಂಚದ ಕೆಳಗೆ ಇಟ್ಟಿದ್ದೆ.

ಮದನ್: ಕೆಳಗೆ!

ಚೆಲುವರಾಜು: ಮೇಲೆ ಜಾಗವೆಲ್ಲಿದೆಯಪ್ಪ, ಮೇಲೆ ನಾವು ಮಲಗಬೇಡವೇ? ನನ್ನಾಕೆಗೆ ಅದೂ ಸಹ್ಯವಾಗಲಿಲ್ಲ. ಗುಜರಿಯವನಿಗೆ ಕೊಟ್ಟುಬಿಡಿ ಎಂದಳು.

ಮದನ್ (ಹಿಂದಿನವರಿಗೆ, ತಗ್ಗಿದ ದನಿಯಲ್ಲಿ): ವನಜಾಕ್ಷಮ್ಮ ಇಂಥೋರು ಅಂದ್ಕೊಂಡಿರಲಿಲ್ಲ ಕಣ್ರೋ.

ನದಿಯ ಹತ್ತಿರ ದಾರಿ ಕವಲೊಡೆಯುತ್ತದೆ. ಎಡಕ್ಕೆ ರುದ್ರಭೂಮಿ, ಬಲಕ್ಕೆ ಚೆಲುವರಾಜು ಗಾಳ ಹಾಕುವ ಬಂಡೆ. ಜನ ಎಡಕ್ಕೆ ತಿರುಗಿದರು.

ಚೆಲುವರಾಜು: ಬಲಕ್ಕೆ! ಬಲಕ್ಕೆ! ಅಲ್ಲಿ ನೀರು ಆಳ, ಮೀನು ಬಹಳ.

ಮದನ್: ಮೀನಿಗೆ ಹಾಕ್ತೀರಾ ಸಾರ್?

ಚೆಲುವರಾಜು: ಮೀನಿಗೆ ಹಾಕುವುದಕ್ಕೇ ಅಲ್ಲವೇ ಇಷ್ಟು ದೂರ ಬಂದದ್ದು!

ಏಣಿ ತಟ್ಟನೆ ನೆಲಕ್ಕಿಳಿಯಿತು. ಗುಂಪಿನಲ್ಲಿ ಹಿರಿಯರಾದ ದೇವಯ್ಯನವರು ಮುಂದೆ ಬಂದರು. ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಮುಂದೆ ನಿಂತು ನಡೆಸಿಕೊಡುವವರು ಅವರೇ. ಅಭ್ಯಾಸಬಲದಿಂದ ಶಿವಣ್ಣನ ಕೈಯ ಮಡಕೆಯನ್ನು ತೆಗೆದುಕೊಂಡು, ಏಣಿಗೊಂದು ಸುತ್ತು ಬಂದು, ಕಲ್ಲಿನ ಮೇಲೆ ಹೊಡೆದರು. ಮಡಕೆ ಒಡೆಯಿತು. ಎರೆಹುಳುಗಳು ನಾಲ್ಕೂ ದಿಕ್ಕಿಗೆ ಹರಿದವು.

ದೇವಯ್ಯ (ಎರಡು ಹೆಜ್ಜೆ ಹಿಂದೆ ಸರಿದು): ಇದ್ಯಾವ ಪದ್ಧತಿ ಸಾ ನಿಮ್ಮ ಮನೇದು?

ಚೆಲುವರಾಜು: ನನ್ನ ಹುಳು! ಯಾರ ಅಪ್ಪಣೆಯ ಮೇಲೆ ಒಡೆದಿರಿ ನನ್ನ ಮಡಕೆಯನ್ನು?

ದೇವಯ್ಯ: ಹೋಗ್ಲಿ ಸಮಾದಾನ ಮಾಡ್ಕಳಿ. ಒಂದ್ಸಲ ಮುಖ ತೋರ್ಸಿಬುಡಿ. ಜನ ನೋಡ್ಕಳ್ಳಿ.

ಚೆಲುವರಾಜು: ಯಾರ ಮುಖ?

ಪಂಚೆ ಸರಿಯಿತು. ಟವೆಲಿನೊಳಗಿಂದ ಥರ್ಮಾಸು ಇಣುಕಿತು. ಊರು ಮೌನವಾಗಿ ಗಾಳದ ಕೋಲುಗಳ, ಸ್ಟೂಲುಗಳ ಅಂತಿಮದರ್ಶನ ಮಾಡಿತು. ದಾರಿಯಲ್ಲಿ ಯಾರೋ ತಂದುಕೊಟ್ಟಿದ್ದ ಸೇವಂತಿಗೆ ಹಾರವನ್ನು ಎಲ್ಲಿಡಬೇಕೆಂದು ತೋಚದೆ ಮದನ್ ಅದನ್ನು ಐಸ್ ಡಬ್ಬಿಗೆ ಹಾಕಿದ.

ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು, ಏದುಸಿರು ಬಿಡುತ್ತ ವನಜಾಕ್ಷಿ ಬಂದರು. ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ತೋಳನ್ನೊಮ್ಮೆ ಚಿವುಟಿದರು.

ಚೆಲುವರಾಜು: ಅಮ್ಮಾ! ಏನಿದು?

ವನಜಾಕ್ಷಿ: ಯಾರೋ ಫೋನ್ ಮಾಡಿ, ನಿಮ್ಮನೆಯಿಂದ ಹೆಣ ಹೋಗ್ತಿದೆ, ಅಂದ್ರು. ನಮ್ಮನೇಲಿರೋದೇ ಇಬ್ಬರು. ನಾನು ಒಲೆ ಮುಂದೆ ನಿಂತಿದ್ದೆ. ಇನ್ನುಳಿದೋರು ಯಾರು, ನೀವೇ ಲೆಕ್ಕ ಹಾಕಿ.

ಮಸಾಲೆ ಮೆತ್ತಿದ ಕೈಯಿಂದಲೇ ಕಣ್ಣೊರಸಿಕೊಂಡು ಕಣ್ಣು ಉರಿದದ್ದರಿಂದ ಆಕೆಯ ಸಿಟ್ಟು ಇಮ್ಮಡಿಯಾಯಿತು.

ವನಜಾಕ್ಷಿ: ಗುಜರಿಯವನಿಗೆ ಬರಬೇಡ ಅಂತ ಹೇಳಿ ಕಳಿಸ್ತೀನಿ.

ಚೆಲುವರಾಜು: ದೊಡ್ಡ ಮನಸ್ಸು ನಿನ್ನದು ವನಜಾ. ಹಾಗಾದರೆ ಸಾಮಾನು ಮನೆಯಲ್ಲಿಯೇ...

ವನಜಾಕ್ಷಿ: ಮನೆಗಾ? ಬಿಳಿ ಬಟ್ಟೆ ಹೊದಿಸಿ, ಮುಂದೆ ಮಡಕೆ ಹಿಡಿದು, ಊರೆಲ್ಲ ಹೊತ್ತು ನದಿಗೆ ತಂದಿದ್ದನ್ನ ಯಾರಾದ್ರೂ ಮನೆಗೆ ವಾಪಸ್ ತರೋದುಂಟಾ? ಕೇಳಿ ನಿಮ್ಮ ಶಿವಣ್ಣನ್ನ.

ಶಿವಣ್ಣ (ನೆಲ ನೋಡುತ್ತ): ತರಂಗಿಲ್ಲ ಸಾ.

ಚೆಲುವರಾಜು: ಶಿವಣ್ಣ! ನೀನೂನಾ? ಸರಿ, ನಿನ್ನ ಮನೆಯಲ್ಲಿಡು.

ಶಿವಣ್ಣ: ನಮ್ಮನೇಗೂ ತರಂಗಿಲ್ಲ.

ಚೆಲುವರಾಜು: ಇದೆಲ್ಲ ಶುದ್ಧ ಮೂಢನಂಬಿಕೆ! ವಿದ್ಯಾವಂತರು ನಂಬತಕ್ಕ ಮಾತೇ ಅಲ್ಲ!

ವನಜಾಕ್ಷಿ: ಬೆಳಿಗ್ಗೆಯಿಂದ ಎರಡು ಸಲ ವಾಪಸ್ ಬಂದು ಚೊಂಬು ಚೊಂಬು ನೀರು ಕುಡಿದೋರು ಯಾರು? ನಾನಾ? ಸ್ನಾನ ಮಾಡಿ ಬನ್ನಿ ಮನೆಗೆ. ಬರಿಗೈಲಿ.

ಆಕೆ ಹೊರಟರು. ಜನರೂ ನದಿಯಲ್ಲಿ ಕೈಕಾಲು ತೊಳೆದು, ಪದ್ಧತಿಯಂತೆ ಹಿಂದಿರುಗಿ ನೋಡದೆ ದಡದ ಏರಿಯನ್ನು ಹತ್ತತೊಡಗಿದರು. ಚೆಲುವರಾಜು ಏಣಿಯ ಹಗ್ಗ ಬಿಚ್ಚಿ, ಕೋಲುಗಳನ್ನು ಹೆಗಲಿಗೇರಿಸಿ, ಬಲೆಯನ್ನು ಕಂಕುಳಿಗೆ ಸಿಕ್ಕಿಸಿ, ಸೇವಂತಿಗೆ ಹಾರದ ಸಮೇತ ಐಸ್ ಡಬ್ಬಿಯನ್ನು ಎತ್ತಿಕೊಂಡರು. ಮನೆಗೆ ಒಯ್ಯುವಂತಿಲ್ಲ. ಬಿಟ್ಟು ಹೋಗಲು ಮನಸ್ಸಿಲ್ಲ. ಸುಮ್ಮನೆ ನಾಲ್ಕು ಹೆಜ್ಜೆ ಇಟ್ಟರು.

ಎದುರಿಗೆ ಕೋಲೂರಿಕೊಂಡು, ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಗುರುಸಿದ್ದಮ್ಮ ಆಗತಾನೆ ದಡಕ್ಕೆ ಇಳಿದುಬಂದಳು. ಹಣೆಗೆ ಕೈಯೊಡ್ಡಿ ನೋಡಿದಳು.

ಗುರುಸಿದ್ದಮ್ಮ: ಇಷ್ಟೊಂದು ಸಾಮಾನು ಒತ್ಕಂಡು ಎತ್ಲಾಗೆ ಒಂಟ್ರಿ ಸಾ?

ಶಿವಣ್ಣ ಹಣೆ ಚಚ್ಚಿಕೊಂಡ. ಚೆಲುವರಾಜು ಅವರ ಮುಖ ಮಾತ್ರ, ಕಳೆದುಹೋದ ಮುದ್ರೆ ಸಿಕ್ಕಿದ ಇನ್ಸ್‌ಪೆಕ್ಟರನ ಮುಖದಂತೆ ಬೆಳಗಿತು.

ಚೆಲುವರಾಜು: ಗುರುಸಿದ್ದಮ್ಮ, ಇನ್ನೊಂದು ಸಲ ಕೇಳಿ. ಜೋರಾಗಿ.

ಗುರುಸಿದ್ದಮ್ಮ (ನದಿಯಾಚೆಗೂ ಕೇಳುವಂತೆ): ಎತ್ಲಾಗೆ ಒಂಟ್ರೀ ಅಂದೆ!

ಏರಿಯ ಮೇಲೆ ವನಜಾಕ್ಷಿಯ ಹೆಜ್ಜೆ ನಿಂತಿತು. ಹಿಂದಿರುಗಿ ನೋಡುವಂತಿಲ್ಲ, ಹಾಗೆಯೇ ನಿಂತರು.

ಚೆಲುವರಾಜು: ಕೇಳಿಸಿತೇ ವನಜಾ? ಹೊರಟವನನ್ನು ಎಲ್ಲಿಗೆಂದು ಕೇಳಿಬಿಟ್ಟರು! ಇನ್ನು ಸಾಮಾನು ಸಮೇತ ಮನೆಗೆ ಹಿಂದಿರುಗದೆ ಬೇರೆ ದಾರಿಯೇ ಇಲ್ಲ. ಜಗಲಿಗೆ ಒಂದು ಚೊಂಬು ನೀರು ತಂದಿಡು!